ಕೀಪರ್ ನಿಲ್ಲುವ ಜಾಗ

ನನ್ನ ಬಲಗೈಯ ಉಂಗುರ ಬೆರಳು ಮುರಿದದ್ದು ಒಂದು ಶುಕ್ರವಾರ ಬೆಳಿಗ್ಗೆ, ಒಮಾನಿನ ವಾದಿ ಅದಾಯ್‌ನ ಜಲ್ಲಿಕಲ್ಲಿನ ಮೈದಾನದಲ್ಲಿ. ಮುರಿಯಲು ಕಾರಣ ಚೆಂಡಿನ ವೇಗವಲ್ಲ, ನಾನು ನಿಂತಿದ್ದ ಜಾಗ. ಅದನ್ನು ಅಂದು ನಾನು ಯಾರಿಗೂ ಹೇಳಲಿಲ್ಲ. "ಎಂಥಾ ಸ್ಪೀಡು ನೋಡಿ, ಕೀಪರನ ಬೆರಳೇ ಹೋಯಿತು" ಎಂದು ಎಲ್ಲರೂ ನಮ್ಮ ಬೌಲರನ ಬೆನ್ನು ತಟ್ಟಿದರು. ಅವನು ಓಡಿ ಬಂದು ನನ್ನ ಮಣಿಕಟ್ಟು ಹಿಡಿದು, "ಸಾರಿ ಅಣ್ಣ, ಇವತ್ತು ಸ್ವಲ್ಪ ಜಾಸ್ತಿಯೇ ಹಾಕಿಬಿಟ್ಟೆ" ಎಂದ. ಆ ನೋವಿನಲ್ಲೂ ನನಗೆ ನಗು ಬಂತು. ಇವನ ನಾಟಕಕ್ಕೆ ಸರಿಸಾಟಿಯಿಲ್ಲ ಎಂದುಕೊಂಡೆ.

ಇದು ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ವಾಹನಗಳ ಬಿಡಿಭಾಗ ಮಾರುವ ಕಂಪೆನಿ. ಎದುರಿಗೆ ಶೋರೂಮು, ಹಿಂದೆ ವರ್ಕ್‌ಶಾಪು, ಅದರ ಹಿಂದೆ ಸ್ಟೋರು. ನಾನು ಶೋರೂಮಿನ ಕೌಂಟರಿನಲ್ಲಿದ್ದೆ. ನಮ್ಮ ಜಿ.ಎಂ. ಬೊಂಬಾಯಿಯವರು, ಕ್ರಿಕೆಟ್ ಎಂದರೆ ಏನೆಂದು ಅವರಿಗೆ ಸುತರಾಂ ಗೊತ್ತಿರಲಿಲ್ಲ. ಆದರೆ ರಸ್ತೆಯಾಚೆಗೆ ಇದೇ ವ್ಯಾಪಾರದ ಇನ್ನೊಂದು ಕಂಪೆನಿಯಿತ್ತು. ಅವರ ಶೋರೂಮಿನ ಗಾಜಿನ ಕಪಾಟಿನಲ್ಲಿ ಕಂಪೆನಿ ಲೀಗಿನ ಕಪ್ಪು ಇತ್ತು. ಗಿರಾಕಿಗಳು ಬ್ರೇಕ್ ಲೈನರ್ ಕೊಳ್ಳಲು ಹೋದಾಗ ಅದನ್ನು ನೋಡಿ ಬರುತ್ತಿದ್ದರು. ನಮ್ಮ ಜಿ.ಎಂ.ಗೆ ಅಷ್ಟು ಸಾಕಾಯಿತು. ಅವರು ಊರಿನಿಂದ ಆಟಗಾರರನ್ನು ತರಿಸತೊಡಗಿದರು. ಪಾಸ್‌ಪೋರ್ಟಿನಲ್ಲಿ ಸ್ಟೋರ್ ಹೆಲ್ಪರ್, ಪೇಂಟರ್, ಡ್ರೈವರ್ ಎಂದು ಏನೋ ಒಂದು ಇರುತ್ತಿತ್ತು. ನಮ್ಮೊಳಗೆ ಅದನ್ನು ಕ್ರಿಕೆಟ್ ವೀಸಾ ಎನ್ನುತ್ತಿದ್ದೆವು. ಆಡುವವರೆಗೆ ವೀಸಾ, ಆಡಲಾಗದ ದಿನ ಸೀಬ್ ವಿಮಾನ ನಿಲ್ದಾಣ. ಕಫೀಲರ, ಅಂದರೆ ನಮ್ಮ ವೀಸಾಗಳಿಗೆ ಹೊಣೆಯಾದ ಸ್ಥಳೀಯ ಯಜಮಾನರ, ಸಹಿ ಬೇಕಾಗುತ್ತಿತ್ತು ನಿಜ, ಆದರೆ ಆ ಒಮಾನಿ ಹಿರಿಯರು ಜಿ.ಎಂ. ಇಟ್ಟ ಕಾಗದಕ್ಕೆಲ್ಲ ಸಹಿ ಹಾಕುತ್ತಿದ್ದರು.

ನಮ್ಮ ಫಾಸ್ಟ್ ಬೌಲರ್ ಬಂದದ್ದೂ ಹಾಗೆಯೇ. ಸುರತ್ಕಲ್ ಕಡೆಯವನು. ನನ್ನ ಮನೆ ಮೂಲ್ಕಿಯಲ್ಲಿ, ಹಾಗಾಗಿ ಬಂದ ದಿನದಿಂದಲೇ ನಾನು ಅವನಿಗೆ ಅಣ್ಣನಾದೆ. ನಮ್ಮಿಬ್ಬರ ಮಾತು ತುಳುವಿನಲ್ಲಿ, ಮೂರನೆಯವರಿದ್ದರೆ ಕನ್ನಡದಲ್ಲಿ. ಅವನಿಗೆ ಈ ವೀಸಾ ಬೇರೆಯವರಂತೆ ಬರೀ ಹೊಟ್ಟೆಪಾಡಿನದ್ದಾಗಿರಲಿಲ್ಲ. ಅವನ ಹೆಂಡತಿ ಸುವೈಕ್‌ನ ಆಸ್ಪತ್ರೆಯಲ್ಲಿ ನರ್ಸ್. ಆ ಕೆಲಸದಲ್ಲಿ ಗಂಡನನ್ನು ಕರೆಸಿಕೊಳ್ಳುವ ಅವಕಾಶ ಅವಳಿಗಿರಲಿಲ್ಲ. ಮದುವೆಯಾದ ಮೇಲೆ ಅವಳು ಇಲ್ಲಿ, ಅವನು ಅಲ್ಲಿ. ಕ್ರಿಕೆಟ್ ವೀಸಾ ಸಿಕ್ಕಿದ್ದರಿಂದ ಅವನು ಒಮಾನಿಗೆ ಬಂದ. ಪ್ರತಿ ಶುಕ್ರವಾರ ಆಟ ಮುಗಿದೊಡನೆ, ಧೂಳು ಮೆತ್ತಿದ ಬಿಳಿ ಪ್ಯಾಂಟಿನಲ್ಲೇ ಟ್ಯಾಕ್ಸಿ ಹಿಡಿದು ಸುವೈಕ್‌ಗೆ ಹೋಗುತ್ತಿದ್ದ. ಅವಳು ಊಟ ಮಾಡದೆ ಕಾಯುತ್ತಿದ್ದಳು. ವೀಸಾ ಹೋದರೆ ಆ ಶುಕ್ರವಾರವೂ ಹೋಗುತ್ತಿತ್ತು, ಅಷ್ಟೆ.

ಮೊದಲ ಎರಡು ಸೀಸನ್ ಅವನ ಚೆಂಡು ಹಿಡಿಯುವುದೇ ನನಗೊಂದು ಶಿಕ್ಷೆಯಾಗಿತ್ತು. ನಮ್ಮ ಪಿಚ್ಚು ಎಂದರೆ ಸಿಮೆಂಟಿನ ಪಟ್ಟಿ. ಅದರ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ, ಅಂಚಿಗೆ ಮೊಳೆ ಹೊಡೆದು ಎಳೆದು ಬಿಗಿಯುತ್ತಿದ್ದೆವು. ಬಿಗಿ ಚಾಪೆಯ ಮೇಲೆ ಬಿದ್ದ ಚೆಂಡು ಹಾರಿ ಬರುತ್ತದೆ, ಸಡಿಲವಾಗಿದ್ದರೆ ಕಚ್ಚಿಕೊಂಡು ನಿಲ್ಲುತ್ತದೆ. ನಾನು ಶುಕ್ರವಾರ ಎಲ್ಲರಿಗಿಂತ ಮೊದಲೇ ಹೋಗಿ ಚಾಪೆಯನ್ನು ಕಾಲಿನಿಂದ ತುಳಿದು ನೋಡಿ, ಆಮೇಲೆ ಸ್ಟಂಪಿನಿಂದ ಹಿಂದಕ್ಕೆ ನಡೆದು, ನನ್ನ ಜಾಗದಲ್ಲಿ ಸುಣ್ಣ ಬಳಿದ ಒಂದು ಕಲ್ಲನ್ನಿಡುತ್ತಿದ್ದೆ. ಬೌಲರ್ ಓಟ ಶುರು ಮಾಡುವ ಮುನ್ನ ಒಮ್ಮೆ ಆ ಕಲ್ಲನ್ನು ನೋಡುತ್ತಿದ್ದ. ಬ್ಯಾಟ್ಸ್‌ಮನ್ ಕೂಡ ತಿರುಗಿ ನೋಡುತ್ತಿದ್ದ. ಕ್ರಿಕೆಟ್ ಬಲ್ಲವರಿಗೆ ಬೌಲರನ ಸ್ಪೀಡು ತಿಳಿಯಲು ಯಂತ್ರ ಬೇಡ. ಕೀಪರ್ ಎಷ್ಟು ಹಿಂದೆ ನಿಂತಿದ್ದಾನೆ ನೋಡಿದರೆ ಮುಗಿಯಿತು.

ಮೂರನೆಯ ಸೀಸನ್ನಿನಲ್ಲಿ ಚೆಂಡು ಕಲ್ಲಿನ ತನಕ ಬರುವುದನ್ನು ನಿಲ್ಲಿಸಿತು. ಎದೆಯ ಹತ್ತಿರ ಬರುತ್ತಿದ್ದದ್ದು ಮೊಣಕಾಲಿಗೆ ಬಂತು, ಆಮೇಲೆ ಪಾದಕ್ಕೆ. ಬೇರೆ ಯಾರಿಗೂ ಗೊತ್ತಾಗುವ ಮೊದಲೇ ನನ್ನ ಅಂಗೈಗೆ ಗೊತ್ತಾಯಿತು. ನ್ಯಾಯವಾಗಿ ನಾನು ಕಲ್ಲನ್ನು ಮುಂದಕ್ಕೆ ತರಬೇಕಿತ್ತು. ತಂದರೆ ಎದುರಿನ ತಂಡಕ್ಕೆ ಗೊತ್ತಾಗುತ್ತಿತ್ತು, ಅವರ ಬಾಯಿಂದ ಜಿ.ಎಂ. ಕಿವಿಗೆ ಹೋಗುತ್ತಿತ್ತು. ಹಾಗಾಗಿ ಕಲ್ಲು ಇದ್ದಲ್ಲೇ ಇತ್ತು. ಚೆಂಡನ್ನು ಬಗ್ಗಿ ನೆಲದ ಹತ್ತಿರ ಹಿಡಿದು, ಕೈಯನ್ನು ಸರಕ್ಕನೆ ಎದೆಯ ಮಟ್ಟಕ್ಕೆ ಎತ್ತುತ್ತಿದ್ದೆ. ಗ್ಲೌಸ್ ಬಿಚ್ಚಿ, ಉರಿ ತಾಳದವನಂತೆ ಬೆರಳುಗಳನ್ನು ಊದುತ್ತಿದ್ದೆ. ಸ್ಲಿಪ್ಪಿನಲ್ಲಿದ್ದವನಿಗೆ ಕೇಳುವಂತೆ "ಅಯ್ಯಪ್ಪಾ" ಎನ್ನುತ್ತಿದ್ದೆ. ಬೌಲರ್ ದೂರದಿಂದ ನನ್ನನ್ನು ನೋಡಿ ತಲೆಯಾಡಿಸಿ ನಗುತ್ತಿದ್ದ. ಈ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ಆಡುವ ಅಗತ್ಯವೇನಿದೆ? ತೋಳು ಅವನದ್ದು, ಅವನಿಗೆ ಗೊತ್ತಿಲ್ಲವೇ?

ಆ ಸೀಸನ್ನಿನ ಕೊನೆಯಲ್ಲಿ ಬೆರಳು ಮುರಿದದ್ದೂ ಆ ನಾಟಕದಲ್ಲೇ. ಚೆಂಡು ನನ್ನ ಮುಂದೆ ಎರಡನೇ ಸಲ ನೆಲಕ್ಕೆ ತಾಗಿ, ಜಲ್ಲಿಗೆ ಬಡಿದು ಅಡ್ಡ ಹಾರಿತು.

ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಕೌಂಟರಿಗೆ ಬಂದ ದಿನ ಜಿ.ಎಂ. ಒಳಗೆ ಕರೆದರು. ನನ್ನ ಪಾಸ್‌ಪೋರ್ಟ್ ನನ್ನನ್ನು ಊರಿಗೆ ಕಳಿಸಲು ಮೇಜಿನ ಮೇಲೆ ತೆಗೆದಿಟ್ಟಿರುತ್ತಾರೆಂದು ಹೆದರಿ ಹೋದೆ. ಅವರು ನನ್ನ ಕೈ ನೋಡಿ, "ಇನ್ನು ಹಿಡಿಯಲಿಕ್ಕೆ ಆಗುವುದಿಲ್ಲ ಅಲ್ಲವೇ?" ಎಂದರು. ಇಲ್ಲ ಎಂದೆ. "ಹಾಗಾದರೆ ಮ್ಯಾನೇಜರ್ ಆಗು. ಹೊಸ ಕೀಪರನಿಗೆ ಹೇಳಿಯಾಗಿದೆ. ಕಪ್ಪು ತಾ. ಮುಂದಿನ ಸೀಸನ್ನಿನಲ್ಲೂ ಬರದಿದ್ದರೆ ತಂಡ ಖಲಾಸ್. ಕ್ರಿಕೆಟ್ಟಿಗೆ ಬಂದವರೆಲ್ಲ ಒಂದೇ ಫ್ಲೈಟಿನಲ್ಲಿ ಹೋಗುತ್ತಾರೆ." ಹವಾ ಹೇಗಿದೆ ಎಂದು ಕೇಳುವಷ್ಟೇ ಸಲೀಸಾಗಿ ಹೇಳಿದರು. ಮನುಷ್ಯ ಕೆಟ್ಟವನೆಂದು ನಾನು ಹೇಳುವುದಿಲ್ಲ. ಅವರಿಗೆ ನಾವೂ ಸ್ಟೋರಿನಲ್ಲಿದ್ದ ಸಾಮಾನೇ, ಓಡದಿದ್ದರೆ ವಾಪಸು.

ಹೊಸ ಕೀಪರ್ ಮೈಸೂರಿನವನು. ಡಿಪ್ಲೊಮಾ ಮಾಡಿದ್ದ, ಯೂನಿವರ್ಸಿಟಿ ಮಟ್ಟಕ್ಕೆ ಆಡಿದ್ದ. ಕೈ ಎಂದರೆ ಕೈ, ಚೆಂಡು ಅವನ ಗ್ಲೌಸಿನೊಳಗೆ ಸದ್ದಿಲ್ಲದೆ ಸೇರುತ್ತಿತ್ತು. ಮೊದಲ ಪ್ರಾಕ್ಟೀಸಿನಲ್ಲಿ ನಾನು ಕಲ್ಲಿಟ್ಟ ಜಾಗದಲ್ಲಿ ನಿಂತು ಬೌಲರನ ಒಂದು ಚೆಂಡು ಹಿಡಿದ. ಎರಡನೆಯದಕ್ಕೆ ಮುಂದೆ ಬಂದ. ಮೂರನೆಯದಕ್ಕೆ ಇನ್ನೂ ಮುಂದೆ. ಕೊನೆಗೆ ಸ್ಟಂಪಿಗೆ ಮೂಗು ತಾಗುವಂತೆ ಕೂತು ಹಿಡಿದ, ಸ್ಪಿನ್ ಬೌಲರನಿಗೆ ಕೂರುವ ಹಾಗೆ.

ಅಂದು ಸಂಜೆ ಬೌಲರ್, ನಾವೆಲ್ಲ ಉಳಿದುಕೊಂಡಿದ್ದ ಕಂಪೆನಿ ಕ್ಯಾಂಪಿನಲ್ಲಿ ನನ್ನ ಕೋಣೆಗೆ ಬಂದ. ಮುಖ ಕೆಂಪಾಗಿತ್ತು.

"ಅಣ್ಣ, ಆ ಜನಕ್ಕೆ ಸ್ವಲ್ಪ ಹೇಳಿ. ಅಷ್ಟು ಮುಂದೆ ನಿಂತ್ರೆ ಬೆರಳು ಹೋಗ್ತದೆ. ನಿಮ್ಮದೇ ಹೋಗಿದೆ, ನೋಡ್ಲಿಲ್ವಾ ಅವ?"

"ಹೇಳ್ತೇನೆ ಮಾರಾಯ."

"ಎಂತ ಗೊತ್ತುಂಟಾ, ಇವತ್ತು ನಾನು ಮೆಲ್ಲ ಹಾಕಿದ್ದು. ಹೊಸಬ ಅಲ್ವಾ, ಪಾಪ ಅಂತ."

ನಾನು ಅವನ ಮುಖ ನೋಡಿದೆ. ಕಣ್ಣು ಮಿಟುಕಿಸುತ್ತಾನೆಂದು ಕಾದೆ. ಮಿಟುಕಿಸಲಿಲ್ಲ. ಪಾತ್ರದೊಳಗೆ ಪೂರ್ತಿ ಇಳಿದುಬಿಟ್ಟಿದ್ದಾನೆ, ಕೋಣೆಯೊಳಗೂ ಬಣ್ಣ ಬಿಚ್ಚುವುದಿಲ್ಲ ಎಂದುಕೊಂಡೆ.

ಮರುದಿನ ಕೀಪರನಿಗೆ ಹೇಳಿದೆ. ಅವನು ಒಪ್ಪಲಿಲ್ಲ. "ಸಾರ್, ನಾನ್ಯಾಕೆ ಅಷ್ಟು ಹಿಂದೆ ನಿಂತ್ಕೋಬೇಕು? ಎಡ್ಜ್ ಆದ್ರೆ ಬಾಲ್ ನನ್ನ ಮುಂದೆ ಬೀಳುತ್ತೆ. ಕ್ಯಾಚ್ ಬಿಟ್ಟ ಅಂತ ನನ್ನನ್ನೇ ಬೈತೀರ." "ಬೈಯುವುದಿಲ್ಲ, ನಿಲ್ಲು." "ಅವರು ಫಾಸ್ಟ್ ಅಲ್ಲ ಸಾರ್, ಮೀಡಿಯಮ್ಮೂ ಅಲ್ಲ. ಒಳ್ಳೆ ಲೈನ್ ಇದೆ, ಅಷ್ಟೇ." "ನಾನು ಮ್ಯಾನೇಜರ್. ಕಲ್ಲಿನ ಹತ್ತಿರ ನಿಲ್ಲು." ಅವನು ಹೆಗಲು ಕುಣಿಸಿ ಹೋಗಿ ನಿಂತ. ಚಿಕ್ಕವನಿಂದ ಸತ್ಯ ಕೇಳಿಸಿಕೊಂಡ ಸಿಟ್ಟು ನನಗೆ ಆ ದಿನವಿಡೀ ಇತ್ತು.

ಮ್ಯಾನೇಜರ್ ಎಂದರೆ ಏನೇನು ಮಾಡಬೇಕೆಂದು ಆಗ ತಿಳಿಯಿತು. ಚಾಪೆ ಮಡಿಸಿ ಪಿಕಪ್ಪಿಗೆ ಹಾಕುವುದು, ಡ್ಯೂಟಿ ಬದಲಾಯಿಸಿ ಕೊಡಿ ಎಂದು ವರ್ಕ್‌ಶಾಪಿನ ಫೋರ್‌ಮನ್ನನ ಗಡ್ಡ ಹಿಡಿಯುವುದು, ಮೈದಾನಕ್ಕೆ ನೀರು ಹೊಡೆಸಿ ರೋಲರ್ ಓಡಿಸುವುದು. ಆ ರೋಲರ್ ನಮ್ಮದಲ್ಲ. ಪಕ್ಕದಲ್ಲಿ ಗುಡ್ಡ ಕಡಿದು ರಸ್ತೆ ಮಾಡುತ್ತಿದ್ದ ಕೊರಿಯಾದವರ ಕ್ಯಾಂಪಿನದ್ದು. ಗುರುವಾರ ಮಧ್ಯಾಹ್ನ ಹೋಗಿ ಅವರ ಕ್ಯಾಂಪ್ ಬಾಸ್‌ನನ್ನು ಕೇಳಬೇಕಿತ್ತು. ಐವತ್ತರ ಆಸುಪಾಸಿನ, ಕುಳ್ಳಗೆ ಗಟ್ಟಿಮುಟ್ಟಾದ ಮನುಷ್ಯ. ಕುರ್ಚಿಯಿದ್ದರೂ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ನಾನು ಕೈ ಚಾಚಿದಾಗ ನನ್ನ ಸೊಟ್ಟ ಬೆರಳನ್ನು ನೋಡಿ, ಕುಲುಕುವುದನ್ನು ಬಿಟ್ಟು ತನ್ನ ಕೈಯನ್ನು ಅದರ ಪಕ್ಕದಲ್ಲಿಟ್ಟ. ಅವನ ಬೆರಳುಗಳು ನನ್ನದಕ್ಕಿಂತ ಸೊಟ್ಟ. ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿದ್ದವು.

"ಕ್ಯಾಚರ್," ಎಂದ ತನ್ನ ಎದೆ ಮುಟ್ಟಿ. "ಬೇಸ್‌ಬಾಲ್."

ಸೈಟಿನಲ್ಲಿ ಎಲ್ಲರೂ ಆಡುವ ಆ ಮುರುಕು ಹಿಂದಿ, ಮುರುಕು ಇಂಗ್ಲಿಷಿನಲ್ಲಿ ನಮ್ಮ ಸ್ನೇಹ ಬೆಳೆಯಿತು. ಅವನ ಊರಲ್ಲೂ ಕಂಪೆನಿಗಳಿಗೆ ತಂಡಗಳಿದ್ದವಂತೆ, ಬೇಸ್‌ಬಾಲ್ ತಂಡಗಳು. ಶಾಲೆಯಿಂದ ನೇರ ಕಂಪೆನಿಗೆ ಸೇರಿದವನು. ದಾಂಡಿಗನ ಹಿಂದೆ ಕುಕ್ಕರುಗಾಲಲ್ಲಿ ಕೂತು, ತೊಡೆಯ ನಡುವೆ ಬೆರಳು ತೋರಿಸಿ, ಯಾವ ಚೆಂಡು ಎಸೆಯಬೇಕೆಂದು ಎಸೆಗಾರನಿಗೆ, ಅಂದರೆ ಪಿಚರ್‌ಗೆ, ಹೇಳುವ ಕೆಲಸ. ಅದನ್ನು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ ಕೀಪರನ ಮಾತನ್ನು ಯಾವ ಬೌಲರ್ ಕೇಳುತ್ತಾನೆ! ಮೊಣಕಾಲು ಹೋದ ಮೇಲೆ ಅವನನ್ನೂ ಮ್ಯಾನೇಜರ್ ಮಾಡಿದರು. ಅವನ ಎಸೆಗಾರ ಶಾಲೆಯ ದಿನಗಳ ಗೆಳೆಯ. ಎಸೆಗಾರನ ಮೊಣಕೈ ಸೋತಿತ್ತು.

"ನನಗೆ ಗೊತ್ತು. ಇಲ್ಲಿ ಗೊತ್ತು," ಎಂದು ಅಂಗೈ ತೋರಿಸಿದ. "ಆದರೆ ಫ್ರೆಂಡ್. ನಾನು ಆಡಿಸಿದೆ. ಸೋತೆವು, ಸೋತೆವು. ಕಂಪೆನಿ ಟೀಮ್ ಫಿನಿಶ್. ಎಲ್ಲಾ ಆಟಗಾರರು ಸೈಟಿಗೆ. ಕೆಲವರು ಲಿಬಿಯಾ, ಕೆಲವರು ಸೌದಿ. ನಾನು ಒಮಾನ್." ಸುತ್ತಲಿನ ಬೋಳು ಗುಡ್ಡಗಳನ್ನು ತೋರಿಸಿ ನಕ್ಕ. "ನಾನು ಸಾಫ್ಟ್. ಅದಕ್ಕೆ ಇಲ್ಲಿ."

ಅವನು ಶುಕ್ರವಾರ ನಮ್ಮ ಆಟ ನೋಡಲು ಬರುತ್ತಿದ್ದ. ರೋಲರಿನ ನೆರಳಲ್ಲಿ ಕುಕ್ಕರಿಸಿ ಕೂರುತ್ತಿದ್ದ. ಆಟದ ನಿಯಮ ಒಂದೂ ತಿಳಿಯದು. ಆದರೆ ಬೌಲರ್ ಎರಡು ಓವರ್ ಹಾಕಿದ್ದೇ ತಡ, ನನ್ನನ್ನು ಕರೆದು ತನ್ನ ಬಲ ಭುಜವನ್ನು ತಟ್ಟಿ ತೋರಿಸಿ, "ಹೋಗಿದೆ" ಎಂದ.

"ಅವನಿಗೆ ಗೊತ್ತಿದೆ," ಎಂದೆ.

"ಇಲ್ಲ. ಮೊದಲು ಕ್ಯಾಚರ್‌ಗೆ ಗೊತ್ತು. ಆಮೇಲೆ ಎಲ್ಲರಿಗೆ. ಪಿಚರ್‌ಗೆ ಲಾಸ್ಟ್."

ಏನೋ ಬಡಬಡಿಸುತ್ತಾನೆ ಎಂದು ನಾನು ನಕ್ಕುಬಿಟ್ಟೆ. ಭುಜ ನೋಯುವುದು ಭುಜ ಇದ್ದವನಿಗೇ ಗೊತ್ತಾಗದೆ ಇರುತ್ತದೆಯೇ?

ಆ ನಾಲ್ಕನೆಯ ಸೀಸನ್ನಿನಲ್ಲಿ ನಾವು ಹೇಗೋ ಕುಂಟುತ್ತಾ ಫೈನಲ್ ತಲುಪಿದೆವು. ನಡುವೆ ಎರಡು ಆಟ ಸೋತದ್ದು ನೇರ ಆ ಕಲ್ಲಿನಿಂದ. ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಕೀಪರನ ಮುಂದೆ ಬಿದ್ದು ಉರುಳಿತು. ಅವನು ಪ್ರತಿ ಸಲ ನನ್ನ ಕಡೆ ತಿರುಗಿ ನೋಡುತ್ತಿದ್ದ. ತಂಡದ ಉಳಿದವರು ಅವನನ್ನೇ ಬೈದರು. ಅವನು ಒಂದು ದಿನವೂ ನನ್ನ ಹೆಸರು ಹೇಳಲಿಲ್ಲ. ಬೌಲರ್ ಮಾತ್ರ ಅವನ ಹೆಗಲ ಮೇಲೆ ಕೈ ಹಾಕಿ, "ಬೇಜಾರು ಮಾಡ್ಬೇಡ, ನನ್ನ ಬಾಲ್ ಹಿಡಿಯುದು ಅಭ್ಯಾಸ ಆಗ್ಬೇಕು. ಅಣ್ಣನಿಗೂ ಮೊದಲು ಕಷ್ಟ ಆಗಿತ್ತು" ಎಂದು ಸಮಾಧಾನ ಮಾಡುತ್ತಿದ್ದ. ಅದನ್ನು ಕೇಳಿ ಮೈಸೂರಿನವನು ಹಲ್ಲು ಕಚ್ಚಿಕೊಳ್ಳುತ್ತಿದ್ದ.

ಆ ದಿನಗಳಲ್ಲಿ ಬೌಲರ್ ಮೆಸ್ಸಿನಲ್ಲಿ ನಮ್ಮೊಡನೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದ. ತಟ್ಟೆ ಹಿಡಿದು ಕೋಣೆಗೆ ಹೋಗುತ್ತಿದ್ದ. ಹೆಂಡತಿಯ ಕೈರುಚಿ ಹತ್ತಿದವನಿಗೆ ಮೆಸ್ಸಿನ ಸಾಂಬಾರು ಇಳಿಯುವುದಿಲ್ಲ ಎಂದು ನಾವು ತಮಾಷೆ ಮಾಡಿದೆವು.

ಫೈನಲ್ ಎದುರುಗಡೆಯ ಕಂಪೆನಿಯ ವಿರುದ್ಧವೇ ಬಿತ್ತು. ಬೆಳಿಗ್ಗೆ ಬಿಸಿಲೇರುವ ಮುನ್ನ ಶುರು. ಎರಡೂ ಕಂಪೆನಿಯ ಜಿ.ಎಂ.ಗಳು ಶಾಮಿಯಾನದಡಿ ಅಕ್ಕಪಕ್ಕ ಸೋಫಾ ಹಾಕಿಸಿಕೊಂಡು ಕೂತಿದ್ದರು. ವಾದಿಯ, ಅಂದರೆ ಆ ಒಣಹೊಳೆಯ, ಅಂಚಿನ ದಿಬ್ಬದ ಮೇಲೆ ಮೆಕ್ಯಾನಿಕ್ಕುಗಳು, ಡ್ರೈವರುಗಳು, ರಜೆಯ ದಿನ ಹೋಗಲು ಬೇರೆ ಜಾಗವಿಲ್ಲದವರೆಲ್ಲ ಸೇರಿದ್ದರು. ನಾವು ಮೊದಲು ಆಡಿ ಹೇಳಿಕೊಳ್ಳುವಂಥ ರನ್ನನ್ನೇನೂ ಮಾಡಲಿಲ್ಲ. ಅವರ ಕ್ಯಾಪ್ಟನ್ ಕಟ್ಟುಮಸ್ತಾದ ಆಸಾಮಿ, ಎಂಥ ಬೌಲಿಂಗನ್ನೂ ಚಚ್ಚುವವನು. ಅವನೊಬ್ಬ ಉಳಿದರೆ ಆಟ ಅವರದ್ದು.

ನಮ್ಮ ಬೌಲರ್ ಹೊಸ ಚೆಂಡಿನಲ್ಲಿ ಎರಡು ವಿಕೆಟ್ ತೆಗೆದ. ಅವೂ ಆ ಕಲ್ಲಿನ ಕೃಪೆಯೇ. ಕೀಪರ್ ಅಷ್ಟು ಹಿಂದಿರುವುದನ್ನು ಕಂಡು ಬ್ಯಾಟ್ಸ್‌ಮನ್ನರು ಅವಸರಪಟ್ಟು ಬ್ಯಾಟು ಬೀಸಿದರು, ಚೆಂಡು ಇನ್ನೂ ಬಂದೇ ಇರಲಿಲ್ಲ. ಆದರೆ ಅವರ ಕ್ಯಾಪ್ಟನ್ ಕಿಲಾಡಿ. ಎರಡೇ ಚೆಂಡಿನಲ್ಲಿ ವಿಷಯ ತಿಳಿದುಕೊಂಡ. ಕೀಪರ್ ಹಿಂದಿದ್ದಾನೆ, ಸ್ಟಂಪ್ ಮಾಡುವ ಭಯವಿಲ್ಲ. ಕ್ರೀಸಿನಿಂದ ಒಂದು ಮಾರು ಮುಂದೆ ಬಂದು ನಿಂತು, ಚೆಂಡು ಚಾಪೆಯ ಮೇಲೆ ತಿರುಗುವ ಮುನ್ನವೇ ಹೊಡೆಯತೊಡಗಿದ. ಒಂದು ಚೆಂಡು ಕೊರಿಯಾದವರ ಕ್ಯಾಂಪಿನ ತಗಡಿನ ಮೇಲೆ ಬಿತ್ತು. ಶಾಮಿಯಾನದಲ್ಲಿ ಆಚೆಯ ಜಿ.ಎಂ. ತೊಡೆ ತಟ್ಟಿ ನಕ್ಕರು. ನಮ್ಮ ಜಿ.ಎಂ. ನನ್ನ ಕಡೆ ನೋಡಿದರು. ನಗಲಿಲ್ಲ.

ನೀರು ಕುಡಿಯುವ ವಿರಾಮ ಬಂತು. ನನಗೆ ಗೊತ್ತಿತ್ತು, ಮಾಡಬೇಕಾದದ್ದು ಒಂದೇ. ಕೀಪರ್ ಸ್ಟಂಪಿಗೆ ಅಂಟಿ ಕೂತರೆ ಆ ಕ್ಯಾಪ್ಟನ್ ಹೊರಗೆ ನಿಲ್ಲುವಂತಿಲ್ಲ. ಕೂತರೆ ಇಡೀ ಮೈದಾನಕ್ಕೆ, ಶಾಮಿಯಾನಕ್ಕೆ, ಎರಡೂ ಜಿ.ಎಂ.ಗಳಿಗೆ ನಮ್ಮ ಫಾಸ್ಟ್ ಬೌಲರ್ ಫಾಸ್ಟ್ ಅಲ್ಲ ಎಂದು ಡಂಗುರ ಹೊಡೆದಂತೆ. ಬೌಲರನನ್ನೇ ಬದಲಾಯಿಸೋಣವೆಂದರೆ ಉಳಿದವರನ್ನು ಆ ಕ್ಯಾಪ್ಟನ್ ಇನ್ನೂ ಚೆನ್ನಾಗಿ ತಿನ್ನುತ್ತಿದ್ದ. ಲೈನ್ ಇದ್ದದ್ದು ಇವನೊಬ್ಬನಿಗೆ. ಸೋತರೆ ಎಲ್ಲರೂ ಒಂದೇ ಫ್ಲೈಟು, ಇವನೂ ಸೇರಿ. ಗೆದ್ದರೆ ಹೋಗುವವನು ಇವನೊಬ್ಬ. ರೋಲರಿನ ನೆರಳಲ್ಲಿ ಕೊರಿಯಾದವನು ಕೂತಿದ್ದ.  ತನ್ನ ಸೊಟ್ಟ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ನಾನು ಸಾಫ್ಟ್ ಆಗುವುದಿಲ್ಲ ಎಂದು ನಿರ್ಧರಿಸಿದೆ.

ನೀರಿನ ಬಾಟಲಿ ಹಿಡಿದು ಕೀಪರನ ಹತ್ತಿರ ಹೋದೆ. "ಮುಂದೆ ಹೋಗಿ ಕೂತುಕೋ," ಎಂದೆ.

ಇಷ್ಟು ದಿನ ಅದಕ್ಕಾಗಿಯೇ ಜಗಳವಾಡಿದವನು ಈಗ ಹಿಂಜರಿದ. "ಸಾರ್, ಅವರಿಗೆ ಬೇಜಾರಾಗುತ್ತೆ. ಇವತ್ತು ಬೇಡ ಸಾರ್. ಎಲ್ಲರೂ ನೋಡ್ತಿದಾರೆ."

"ಹೋಗು ಅಂದೆನಲ್ಲ. ಯಲ್ಲಾ!"

ಹಿಂದಿರುಗುವಾಗ ಸುಣ್ಣದ ಕಲ್ಲನ್ನು ನಾನೇ ಎತ್ತಿಕೊಂಡು ಬಂದೆ.

ಬೌಲರ್ ಓಟ ಶುರು ಮಾಡುವ ಮುನ್ನ ಎಂದಿನಂತೆ ತಲೆಯೆತ್ತಿ ನೋಡಿದ. ಕಲ್ಲಿರಲಿಲ್ಲ. ಕೀಪರ್ ಸ್ಟಂಪಿನ ಹಿಂದೆ ಕುಕ್ಕರಿಸಿದ್ದ. ಬೌಲರ್ ಅವನಿಗೆ ಹಿಂದೆ ಹೋಗು ಎಂದು ಕೈ ಬೀಸಿದ. ಕೀಪರ್ ಅಲುಗಲಿಲ್ಲ. ಮತ್ತೆ ಬೀಸಿದ. ಆಮೇಲೆ ತಿರುಗಿ ನನ್ನನ್ನು ಹುಡುಕಿದ. ಗೆರೆಯಾಚೆ ನಿಂತಿದ್ದ ನನ್ನ ಕೈಯಲ್ಲಿ ಕಲ್ಲಿತ್ತು. ಅವನ ಮುಖದಲ್ಲಿ ಸಿಟ್ಟು ಕಾಣುತ್ತದೆಂದು ನಾನು ಗಟ್ಟಿ ಮನಸ್ಸು ಮಾಡಿ ನಿಂತಿದ್ದೆ. ಸಿಟ್ಟಿರಲಿಲ್ಲ. ದಾರಿ ತಪ್ಪಿದವನ ಮುಖ ಅದು. ಅಂಪೈರ್ ಏನೋ ಗದರಿದರು. ಅವನು ಓಡಿ ಬಂದು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದ. ಚೆಂಡು ಹಿಂದಿನಷ್ಟೇ ನಿಧಾನವಾಗಿ ಹೋಯಿತು. ಕ್ಯಾಪ್ಟನ್ ಕ್ರೀಸಿನೊಳಗೆ ನಿಂತು ತಡೆದ. ಮತ್ತೊಂದು, ಅದನ್ನೂ ತಡೆದ. ದಿಬ್ಬದ ಮೇಲಿಂದ ಸಿಳ್ಳೆ ಬಿತ್ತು. ಕ್ಯಾಪ್ಟನ್ನನ ಸಹನೆ ಕೆಟ್ಟಿತು. ಇಂಥ ಚೆಂಡಿಗೆ ಹೆದರಿ ಒಳಗೆ ಕೂರುವುದೇ ಎಂದು ಮುಂದಿನದಕ್ಕೆ ನುಗ್ಗಿ ಬಂದ. ಲೈನ್ ಸೂಜಿಯಷ್ಟು ಸರಿಯಾಗಿತ್ತು. ಬ್ಯಾಟಿನ ಪಕ್ಕದಿಂದ ಜಾರಿ ಬಂದ ಚೆಂಡನ್ನು ಹಿಡಿದು ಮೈಸೂರಿನವನು ಬೇಲ್ಸ್ ಹಾರಿಸಿದ.

ಮೊದಲು ಚಪ್ಪಾಳೆ ಬಂತು. ಅದರ ಹಿಂದೆ ನಗು. ದಿಬ್ಬದ ಮೇಲಿಂದ ಯಾರೋ ಕೂಗಿದ: "ಅರೇ ಭಾಯ್, ಫಾಸ್ಟ್ ಬೌಲರ್ ಪೇ ಸ್ಟಂಪಿಂಗ್!" ನಗು ದಿಬ್ಬದಿಂದ ಇಳಿದು ಶಾಮಿಯಾನಕ್ಕೆ ಹಬ್ಬಿತು. ನಮ್ಮ ಜಿ.ಎಂ. ಪಕ್ಕದವರನ್ನು ಏಕೆ ನಗುತ್ತೀರಿ ಎಂದು ಕೇಳುವುದು ಕಾಣಿಸಿತು. ಆಚೆಯ ಜಿ.ಎಂ. ಕ್ಯಾಪ್ಟನ್ ಔಟಾದ ಉರಿಯನ್ನೆಲ್ಲ ಸೇರಿಸಿ, ಕೈ ಚಾಚಿ ಅಳತೆ ತೋರಿಸಿ, ವಿವರಿಸಿ ಹೇಳಿದರು.

ಉಳಿದವರು ಬೇಗ ಉದುರಿದರು. ನಾವು ಗೆದ್ದೆವು.

ಜಿ.ಎಂ. ಕಪ್ಪನ್ನು ಕಂಕುಳಲ್ಲಿಟ್ಟುಕೊಂಡೇ ನನ್ನನ್ನು ಬದಿಗೆ ಕರೆದರು. "ಶಾಬಾಷ್ ಮ್ಯಾನೇಜರ್. ಮುಂದಿನ ವರ್ಷಕ್ಕೆ ನಿಜವಾದ ಫಾಸ್ಟ್ ಬೌಲರ್ ಬೇಕು. ಒಂದು ವೀಸಾ ಖಾಲಿ ಮಾಡು. ಯಾರದ್ದೆಂದು ಹೇಳಬೇಕಿಲ್ಲವಲ್ಲ?"

"ಸರ್, ಇವತ್ತು ಗೆಲ್ಲಿಸಿದ್ದೇ ಅವನು. ಸ್ಟೋರಿನಲ್ಲಿಟ್ಟುಕೊಳ್ಳಿ. ಅವನ ಹೆಂಡತಿ ಇಲ್ಲೇ ಸುವೈಕ್‌ನಲ್ಲಿದ್ದಾಳೆ."

"ಸ್ಟೋರಿನಲ್ಲಿ ಜಾಗ ಇಲ್ಲ. ಹೆಂಡತಿ ನನ್ನ ಡಿಪಾರ್ಟ್‌ಮೆಂಟ್ ಅಲ್ಲ." ಕಪ್ಪನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡರು. "ನೀನೇ ಹೇಳಿಬಿಡು. ಮ್ಯಾನೇಜರ್ ಅಲ್ಲವೇ ನೀನು?"

ಕೊರಿಯಾದವನು ರೋಲರ್ ಹತ್ತುತ್ತಿದ್ದ. ನಾನು ಅವನ ಕಡೆ ನೋಡಿ ಗೆದ್ದೆವೆಂದು ಹೆಬ್ಬೆರಳು ತೋರಿಸಿದೆ. ಅವನು ತಲೆಬಾಗಿದ, ಸಾವಿನ ಮನೆಯಲ್ಲಿ ತಲೆಬಾಗುವ ಹಾಗೆ.

ಬೌಲರನನ್ನು ಅಂದು ಟ್ಯಾಕ್ಸಿಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಕಂಪೆನಿಯ ಪಿಕಪ್ಪಿನಲ್ಲಿ ನಾನೇ ಸುವೈಕ್‌ಗೆ ಬಿಡುತ್ತೇನೆಂದೆ. ದಾರಿಯುದ್ದಕ್ಕೂ ಅವನು ಆಟದ ಬಗ್ಗೆ ಮಾತೆತ್ತಲಿಲ್ಲ. ಎಡಗೈಯಲ್ಲಿ ಕಿಟಕಿ ಹಿಡಿದು ಖರ್ಜೂರದ ತೋಟಗಳನ್ನು ನೋಡುತ್ತಿದ್ದ. ನಾನೂ ಹೇಳಬೇಕಾದ್ದನ್ನು ಮುಂದಿನ ಪೆಟ್ರೋಲ್ ಪಂಪಿಗೆ, ಅದರ ಮುಂದಿನ ರೌಂಡಬೌಟಿಗೆ ತಳ್ಳುತ್ತಾ ಸುವೈಕ್ ತಲುಪಿಬಿಟ್ಟೆ.

ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಅವನ ಹೆಂಡತಿಗೆ ಒಂದು ಕೋಣೆ, ಒಂದು ಅಡುಗೆಮನೆ. ಜೊತೆಯ ನರ್ಸ್ ಡ್ಯೂಟಿಗೆ ಹೋಗಿದ್ದಳು. "ಅಣ್ಣನೂ ಬಂದ್ರಾ, ಒಳ್ಳೇದಾಯ್ತು, ಕೈ ತೊಳೀರಿ" ಎಂದು ಅವಳು ಚಾಪೆ ಹಾಸಿ ಬಡಿಸಿದಳು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ನನ್ನ ತಟ್ಟೆಗೆ ಬಡಿಸಿ, ಗಂಡನ ಪಕ್ಕದಲ್ಲಿ ಕೂತು, ಅವನ ಅನ್ನಕ್ಕೆ ಸಾರು ಕಲಸಿ, ಮೀನಿನ ಮುಳ್ಳು ಬಿಡಿಸಿ ಹಾಕಿದಳು. ಅವನು ಎಡಗೈಯಲ್ಲಿ ಚಮಚ ಹಿಡಿದು ತಿನ್ನತೊಡಗಿದ. ಬಲಗೈ ಮಡಿಲಲ್ಲಿ ಬಿದ್ದುಕೊಂಡಿತ್ತು.

 ಮೆಸ್ಸಿನಿಂದ ತಟ್ಟೆ ಹಿಡಿದು ಅವನು ಕೋಣೆಗೆ ಹೋಗುತ್ತಿದ್ದದ್ದು ಏಕೆಂದು ಆಗ ತಿಳಿಯಿತು. ಇನ್ನು ತಡೆದು ಉಪಯೋಗವಿಲ್ಲವೆಂದು ಹೇಳಿಬಿಟ್ಟೆ. ವೀಸಾ ಕ್ಯಾನ್ಸಲ್ ಮಾಡುತ್ತಾರೆ, ಈ ವಾರವೇ ಹೋಗಬೇಕಾಗಬಹುದು, ನಾನು ಕೇಳಿ ನೋಡಿದೆ, ಆಗಲಿಲ್ಲ ಎಂದೆ.

ಅವಳು ಸೌಟು ಕೆಳಗಿಟ್ಟಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ರೋಗಿಯ ಮನೆಯವರಿಗೆ ನರ್ಸುಗಳು ಮಾತಾಡುವ ಸ್ವರದಲ್ಲಿ ಮಾತಾಡಿದಳು.

"ಅಣ್ಣ, ಭುಜ ಹರಿದಿದೆ ಅಂತ ಇಲ್ಲಿನ ಡಾಕ್ಟರು ಹೋದ ವರ್ಷವೇ ಹೇಳಿದ್ದಾರೆ. ಬೌಲಿಂಗ್ ಬಿಟ್ರೆ ಕೈ ಉಳೀತದೆ, ಇಲ್ಲದಿದ್ರೆ ಇಲ್ಲ ಅಂತ. ನಾನು ಎಷ್ಟು ಹೇಳಿದೆ. ಸ್ಟೋರಿನ ಕೆಲಸವೇ ಕೇಳಿ ನೋಡಿ, ಇಲ್ಲದಿದ್ರೆ ಇಲ್ಲಿ ಎಲ್ಲಾದ್ರೂ ಅಂಗಡಿಯಲ್ಲಿ ಕೇಳುವ ಅಂತ. ಇವರು ಕೇಳ್ಬೇಕಲ್ಲ. 'ಡಾಕ್ಟರಿಗೆ ಕ್ರಿಕೆಟ್ ಎಂತ ಗೊತ್ತುಂಟು? ಅಣ್ಣ ಇನ್ನೂ ಅಷ್ಟು ದೂರವೇ ನಿಲ್ತಾರೆ. ಸ್ಪೀಡು ಹೋಗಿದ್ರೆ ಅವ್ರಿಗೆ ಗೊತ್ತಾಗುದಿಲ್ವಾ? ಅವರ ಬೆರಳೇ ಮುರ್ದು ಹೋಯ್ತು ನನ್ನ ಬಾಲಿಗೆ' ಅಂತ ನನ್ನ ಬಾಯಿ ಮುಚ್ಚಿಸ್ತಿದ್ರು."

ನಾನು ಬೌಲರನ ಕಡೆ ನೋಡಿದೆ. ಅವನು ಚಮಚವನ್ನು ತಟ್ಟೆಯಲ್ಲಿಟ್ಟು ನನ್ನನ್ನೇ ನೋಡುತ್ತಿದ್ದ. ಬೆಳಿಗ್ಗೆ ಮೈದಾನದ ನಡುವಿನಿಂದ ನೋಡಿದನಲ್ಲ, ಅದೇ ಮುಖ.

"ಅಣ್ಣ, ಇವತ್ತು ಅವನನ್ನು ಮುಂದೆ ಕೂರಿಸಿದ್ದು ಗೆಲ್ಲಲಿಕ್ಕೆ, ಅಲ್ವಾ? ಸ್ಪೀಡು ಇಲ್ಲ ಅಂತ ಅಲ್ಲ."

ಇಲ್ಲಿಯೂ ಹೌದು ಎನ್ನಬಹುದಿತ್ತು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಇವನು ಊರಿಗೆ ಹೋಗಿ, ಇನ್ನೊಂದು ಮೈದಾನ ಹುಡುಕಿ, ಆ ತೋಳನ್ನು ಮತ್ತೆ ಎತ್ತುತ್ತಾನೆ ಎಂದು ನನಗನ್ನಿಸಿತು.

"ಸ್ಪೀಡು ಹೋಗಿ ಎರಡು ಸೀಸನ್ ಆಯ್ತು ಮಾರಾಯ," ಎಂದೆ. "ಚೆಂಡು ನನ್ನ ತನಕ ಬರುತ್ತಲೇ ಇರ್ಲಿಲ್ಲ."

 ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ಮೊಣಕಾಲಿನ ಮೇಲೆ ಇಟ್ಟುಕೊಂಡ.

"ಹಾಗಾದ್ರೆ ಅಣ್ಣ, ನೀವು ಬೆರಳು ಊದಿದ್ದು?"

"ಸುಮ್ಮನೆ," ಎಂದೆ.